ಪರದೆಯಂಚಿನ ಕಪ್ಪು ಪಟ್ಟಿಯ ಹಿಂದಿನ ಕಥೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕಂಪ್ಯೂಟರಿಗೆ ಹೊರಗಿನಿಂದ ಇನ್ನೊಂದು ಮಾನಿಟರನ್ನೋ ಮನೆಯ ಟಿವಿಯನ್ನೋ ಜೋಡಿಸುವವರ ವಿಷಯದಲ್ಲಿ ಈ ಗಾದೆ ದಿನವೂ ನಿಜವಾಗುತ್ತಿದೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ ಚಿತ್ರ ದೊಡ್ಡ ಪರದೆಗೆ ಹೋದೊಡನೆ ಕೆಡುತ್ತದೆ. ಕೆಲವೊಮ್ಮೆ ನಾಲ್ಕೂ ಅಂಚು ಕತ್ತರಿಸಿ ಹೋಗಿ, ಕೆಳಗಿನ ಟಾಸ್ಕ್‌ಬಾರ್ ಅರ್ಧ ಮಾತ್ರ ಉಳಿಯುತ್ತದೆ. ಕೆಲವೊಮ್ಮೆ ಚಿತ್ರ ಕುಗ್ಗಿ ಸುತ್ತಲೂ ಕಪ್ಪು ಪಟ್ಟಿ ಮೂಡುತ್ತದೆ. ಅಕ್ಷರಗಳು ಮಸುಕಾಗುವುದು, ಕಪ್ಪು ಬಣ್ಣ ಬೂದಿಯಂತೆ ಕಾಣುವುದು ಇವೂ ಉಂಟು.

ಆಗ ಹೆಚ್ಚಿನವರು ಮಾಡುವುದೇನು? ಮೊದಲು ಕೇಬಲ್ ಬದಲಿಸುತ್ತಾರೆ. ಆಮೇಲೆ ಅಂಗಡಿಗೆ ಒಯ್ಯುತ್ತಾರೆ. ಕೊನೆಗೆ ‘ಮಾನಿಟರ್ ಹೋಯಿತು’ ಎಂದು ತೀರ್ಮಾನಿಸಿ ಹೊಸದನ್ನು ಕೊಳ್ಳುತ್ತಾರೆ. ಆದರೆ ಇಂಥ ಪ್ರಸಂಗಗಳಲ್ಲಿ ಬಹಳಷ್ಟು ಸಲ ಮಾನಿಟರಿನಲ್ಲಿ ಯಾವ ದೋಷವೂ ಇರುವುದಿಲ್ಲ. ದೋಷವಿರುವುದು ಗ್ರಾಫಿಕ್ಸ್ ಡ್ರೈವರ್ ಎಂಬ ತಂತ್ರಾಂಶದ ಒಂದು ಆಯ್ಕೆಯಲ್ಲಿ. ಡ್ರೈವರ್ ಎಂದರೆ ಕಂಪ್ಯೂಟರಿಗೂ ಅದರ ಚಿತ್ರ ರಚಿಸುವ ಯಂತ್ರಭಾಗಕ್ಕೂ ನಡುವೆ ನಿಂತ ದುಭಾಷಿ. ಪರದೆ ಏನು ಬಯಸುತ್ತದೆ ಎಂಬುದನ್ನು ಅದು ತಪ್ಪಾಗಿ ಊಹಿಸಿರುತ್ತದೆ, ಅಷ್ಟೆ.

ಈ ತಪ್ಪು ಊಹೆ ಬಂದದ್ದೆಲ್ಲಿಂದ? ಇದನ್ನು ಕೆದಕಿದರೆ ಕಂಪ್ಯೂಟರಿಗಿಂತ ಹಳೆಯದಾದ ಒಂದು ಇತಿಹಾಸ ಹೊರಬರುತ್ತದೆ. ಅದು ಟೆಲಿವಿಷನ್ನಿನ ಇತಿಹಾಸ.

ಚೌಕಟ್ಟನ್ನು ಮೀರಿದ ಚಿತ್ರ

ಜರ್ಮನಿಯ ವಿಜ್ಞಾನಿ ಕಾರ್ಲ್ ಫರ್ಡಿನೆಂಡ್ ಬ್ರೌನ್ 1897ರಲ್ಲಿ ಕ್ಯಾಥೋಡ್ ಕಿರಣದ ಕೊಳವೆಯನ್ನು ರೂಪಿಸಿದ. ಗಾಜಿನ ಕೊಳವೆಯ ಹಿಂಬದಿಯಿಂದ ಹೊರಟ ಎಲೆಕ್ಟ್ರಾನ್ ಕಿರಣ ಮುಂಬದಿಯ ಲೇಪನಕ್ಕೆ ಬಡಿದಾಗ ಅಲ್ಲಿ ಬೆಳಕಿನ ಚುಕ್ಕೆ ಮೂಡುತ್ತದೆ. ಆ ಚುಕ್ಕೆಯನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಅತಿ ವೇಗವಾಗಿ ಓಡಿಸಿದರೆ ಚಿತ್ರ. ಮುಂದಿನ ನೂರು ವರ್ಷ ಜಗತ್ತಿನ ಟಿವಿಗಳೆಲ್ಲ ನಡೆದದ್ದು ಬಹುಮಟ್ಟಿಗೆ ಇದೇ ತತ್ವದ ಮೇಲೆ.

ಆದರೆ ಈ ಕೊಳವೆಗಳಿಗೆ ಕೆಲವು ದೌರ್ಬಲ್ಯಗಳಿದ್ದವು. ಆರಂಭದ ಕೊಳವೆಗಳ ಮುಖ ದುಂಡಗಿತ್ತು. ಅಮೆರಿಕದಲ್ಲಿ 1946ರಲ್ಲಿ ಮಾರಾಟಕ್ಕೆ ಬಂದ ಆರ್‌ಸಿಎ ಕಂಪನಿಯ ಜನಪ್ರಿಯ ಟಿವಿಯ ಕೊಳವೆ ಹತ್ತು ಅಂಗುಲದ ಒಂದು ವೃತ್ತ. ಚೌಕಾಕಾರದ ಚಿತ್ರವನ್ನು ದುಂಡು ಮುಖದ ಮೇಲೆ ಕೂಡಿಸಬೇಕೆಂದರೆ ಎಲ್ಲೋ ಒಂದಷ್ಟನ್ನು ಮರೆಮಾಡಲೇಬೇಕು. ಇನ್ನೊಂದು ತೊಂದರೆ ವಿದ್ಯುತ್ತಿನದು. ವೋಲ್ಟೇಜ್ ಇಳಿದರೆ ಚಿತ್ರ ಕುಗ್ಗುತ್ತಿತ್ತು; ಯಂತ್ರ ಕಾದಂತೆ ಅದರ ಅಳತೆ ಬದಲಾಗುತ್ತಿತ್ತು. ಟಿವಿಯ ಪಕ್ಕದಲ್ಲಿ ಸ್ಟೆಬಿಲೈಜರ್ ಇಟ್ಟುಕೊಂಡಿದ್ದ ನಮ್ಮ ಹಿರಿಯರಿಗೆ, ಸಂಜೆ ಹೊತ್ತು ಚಿತ್ರದ ಅಂಚುಗಳು ಒಳಕ್ಕೆ ಸರಿಯುತ್ತಿದ್ದುದು ನೆನಪಿರಬಹುದು.

ಇದಕ್ಕೆ ತಯಾರಕರು ಕಂಡುಕೊಂಡ ಉಪಾಯ ಸರಳವಾಗಿತ್ತು. ಚಿತ್ರವನ್ನು ಚೌಕಟ್ಟಿಗಿಂತ ಸ್ವಲ್ಪ ದೊಡ್ಡದಾಗಿಯೇ ಮೂಡಿಸುವುದು. ಹಾಗೆ ಮಾಡಿದರೆ ಚಿತ್ರ ಕುಗ್ಗಿದರೂ ಅಂಚಿನಲ್ಲಿ ಕಪ್ಪು ಕಾಣುವುದಿಲ್ಲ. ಇದಕ್ಕೆ ‘ಓವರ್‌ಸ್ಕ್ಯಾನ್’ ಎಂದು ಹೆಸರು. ಮನೆಯಲ್ಲಿ ಕುಳಿತ ಪ್ರೇಕ್ಷಕನಿಗೆ ನಿಲಯದವರು ಕಳಿಸಿದ ಚಿತ್ರದ ಅಂಚು ಎಂದೂ ಪೂರ್ತಿಯಾಗಿ ಸಿಗಲಿಲ್ಲ. ಅದು ಸಿಗುತ್ತಿಲ್ಲವೆಂದು ಅವನಿಗೆ ಗೊತ್ತಾಗಲೂ ಇಲ್ಲ.

ನಿಲಯದವರಿಗೆ ಮಾತ್ರ ಇದು ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಅವರು ತಮ್ಮಲ್ಲೇ ಒಂದು ಕಟ್ಟುಪಾಡು ಮಾಡಿಕೊಂಡರು. ಮುಖ್ಯ ದೃಶ್ಯವೆಲ್ಲ ಚಿತ್ರದ ಉದ್ದಗಲಗಳ ಶೇಕಡ 90ರ ಒಳಗೆ, ಅಕ್ಷರಗಳು ಶೇಕಡ 80ರ ಒಳಗೆ ಇರಬೇಕು ಎಂಬುದು ಬಹುಕಾಲ ನಡೆದುಬಂದ ನಿಯಮ. ಹಳೆಯ ಕಾರ್ಯಕ್ರಮಗಳ ಶೀರ್ಷಿಕೆಗಳು ಪರದೆಯ ಅಂಚಿನಿಂದ ಅಷ್ಟು ದೂರ, ನಡುವಿನಲ್ಲೇ ಮುದುಡಿ ಕುಳಿತಂತೆ ಕಾಣುವುದಕ್ಕೆ ಇದೇ ಕಾರಣ.

ಗೆರೆಗಳ ಲೆಕ್ಕ

ಟಿವಿ ಇನ್ನೂ ಒಂದು ವಿಷಯವನ್ನು ಗೊತ್ತುಮಾಡಿತು. ಅದು ಗೆರೆಗಳ ಮತ್ತು ವೇಗದ ಲೆಕ್ಕ. ಅಮೆರಿಕ 1941ರಲ್ಲಿ ಚಿತ್ರವೊಂದಕ್ಕೆ 525 ಗೆರೆಗಳೆಂದು ನಿಗದಿ ಮಾಡಿತು. ಅಲ್ಲಿನ ವಿದ್ಯುತ್ತು ಸೆಕೆಂಡಿಗೆ 60 ಆವರ್ತಗಳದ್ದಾದ್ದರಿಂದ ಪರದೆಯೂ ಸೆಕೆಂಡಿಗೆ 60 ಬಾರಿ ಹೊಸದಾಗುವಂತೆ ಮಾಡಲಾಯಿತು. 1953ರಲ್ಲಿ ಬಣ್ಣ ಸೇರಿಸುವಾಗ, ಬಣ್ಣದ ಸಂಕೇತ ಮತ್ತು ಧ್ವನಿಯ ಸಂಕೇತ ಒಂದಕ್ಕೊಂದು ಅಡ್ಡ ಬರದಿರಲೆಂದು ಈ ವೇಗವನ್ನು ಸಾವಿರದಲ್ಲೊಂದು ಪಾಲಿನಷ್ಟು ತಗ್ಗಿಸಿದರು. 60 ಇದ್ದದ್ದು 59.94 ಆಯಿತು.

ವಿದ್ಯುತ್ತು 50 ಆವರ್ತಗಳದ್ದಾಗಿರುವ ಯುರೋಪಿನ ಬಹುಭಾಗ ಮತ್ತು ಭಾರತ 625 ಗೆರೆಗಳ ದಾರಿ ಹಿಡಿದವು. ದೆಹಲಿಯಲ್ಲಿ 1959ರಲ್ಲಿ ಪ್ರಯೋಗಾರ್ಥ ಪ್ರಸಾರ ಆರಂಭವಾಯಿತು. 1975-76ರ ಉಪಗ್ರಹ ಶಿಕ್ಷಣ ಪ್ರಯೋಗಕ್ಕೆ ಆಯ್ಕೆಯಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ದೇಶಕ್ಕೆ ಬಣ್ಣದ ಟಿವಿ ಬಂದದ್ದು ಮರುವರ್ಷ, ಏಷ್ಯನ್ ಕ್ರೀಡೆಗಳ ವರ್ಷದಲ್ಲಿ.

ಈ ಅಂಕೆಗಳು ಹಳೆಯ ದಫ್ತರದಲ್ಲಿ ಮುಚ್ಚಿಹೋದವಲ್ಲ. ಇಂದಿಗೂ ವಿಂಡೋಸ್ ಕಂಪ್ಯೂಟರಿಗೆ ಟಿವಿ ಜೋಡಿಸಿ ಪರದೆಯ ವೇಗದ ಪಟ್ಟಿ ತೆರೆದರೆ 60ರ ಜೊತೆಗೆ 59 ಅಥವಾ 59.94 ಎಂಬ ವಿಚಿತ್ರ ಸಂಖ್ಯೆ, ಹಲವು ಸಲ 50 ಕೂಡ ಕಾಣಸಿಗುತ್ತವೆ. ಮೊದಲನೆಯದು 1953ರ ಅಮೆರಿಕದ ಬಣ್ಣದ ಟಿವಿಯ ಬಳುವಳಿ. ಎರಡನೆಯದು ನಮ್ಮ ಮನೆಗಳ ವಿದ್ಯುತ್ತಿನ ಗುರುತು.

ಟಿವಿಯ ಮನೆಗೆ ಬಂದ ಕಂಪ್ಯೂಟರ್

1970ರ ದಶಕದ ಕೊನೆಗೆ ಮನೆಬಳಕೆಯ ಕಂಪ್ಯೂಟರುಗಳು ಬಂದಾಗ ಅವುಗಳಿಗೆ ಪ್ರತ್ಯೇಕ ಮಾನಿಟರ್ ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಮನೆಯಲ್ಲಿದ್ದ ಟಿವಿಯನ್ನೇ ಬಳಸಿಕೊಂಡರು. ಆಗ ಎದುರಾದದ್ದೇ ಓವರ್‌ಸ್ಕ್ಯಾನ್ ಸಮಸ್ಯೆ. ನಾಟಕದ ದೃಶ್ಯದಲ್ಲಿ ಅಂಚು ಹೋದರೆ ನಷ್ಟವಿಲ್ಲ. ಆದರೆ ಸಾಲಿನ ಮೊದಲ ಎರಡು ಅಕ್ಷರ ಹೋದರೆ ಓದುವುದು ಹೇಗೆ?

1982ರಲ್ಲಿ ಬಂದ ಕಮೊಡೋರ್ 64 ಮತ್ತು ಇಂಗ್ಲೆಂಡಿನ ಜಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರುಗಳ ಚಿತ್ರಗಳನ್ನು ನೋಡಿದರೆ ಬರಹವೆಲ್ಲ ನಡುವಿನ ಚೌಕದಲ್ಲಿದ್ದು ಸುತ್ತಲೂ ಅಗಲವಾದ ಬಣ್ಣದ ಅಂಚು ಇರುವುದು ಕಾಣುತ್ತದೆ. ಅದು ಅಲಂಕಾರವಲ್ಲ. ಟಿವಿ ಎಷ್ಟು ಕತ್ತರಿಸಿದರೂ ಆ ಅಂಚೇ ಹೋಗಲಿ, ಅಕ್ಷರ ಉಳಿಯಲಿ ಎಂಬ ಮುನ್ನೆಚ್ಚರಿಕೆ. ನಾವು ಇಂದು ದೂರುವ ಕಪ್ಪು ಪಟ್ಟಿಯ ಪೂರ್ವಜ ಇದೇ.

ತಪ್ಪು ಸಂಕೇತಕ್ಕೆ ಸುಡುತ್ತಿದ್ದ ಮಾನಿಟರ್

ಕಚೇರಿಗಳ ಕಂಪ್ಯೂಟರು ಬೇರೆ ದಾರಿ ಹಿಡಿಯಿತು. ಐಬಿಎಂ 1981ರಲ್ಲಿ ತನ್ನ ಪಿಸಿಯನ್ನು ಹೊರತಂದಾಗ ಬರಹಕ್ಕೊಂದು, ಬಣ್ಣದ ಚಿತ್ರಕ್ಕೊಂದು ಹೀಗೆ ಎರಡು ಬಗೆಯ ಕಾರ್ಡುಗಳನ್ನು ಕೊಟ್ಟಿತು. ಇಲ್ಲಿ ಮಾನಿಟರು ಕಂಪ್ಯೂಟರಿಗೆಂದೇ ತಯಾರಾದದ್ದು. ಅಂಚು ಕತ್ತರಿಸುವ ಪ್ರಶ್ನೆಯಿಲ್ಲ. ಆದರೆ ಯಾವ ಕಾರ್ಡಿಗೆ ಯಾವ ಮಾನಿಟರೋ ಅದನ್ನೇ ಜೋಡಿಸಬೇಕು. ಐಬಿಎಂನ ಆ ಕಾಲದ ಹಸಿರು ಅಕ್ಷರದ ಮಾನಿಟರಿಗೆ ತಪ್ಪು ವೇಗದ ಸಂಕೇತ ಹೋದರೆ ಮಾನಿಟರೇ ಕೆಟ್ಟುಹೋಗುವ ಅಪಾಯವಿತ್ತು.

ಇದೇ ಘಟ್ಟದಲ್ಲಿ ನಮ್ಮ ಭಾಷೆಗಳಿಗೆ ಹತ್ತಿರವಾದ ಒಂದು ಪ್ರಸಂಗ ನಡೆಯಿತು. ಐಬಿಎಂನ ಬರಹದ ಕಾರ್ಡಿನಲ್ಲಿ ಅಕ್ಷರಗಳು ಮೊದಲೇ ಅಚ್ಚಾಗಿದ್ದವು. ಬಣ್ಣದ ಕಾರ್ಡಿನಲ್ಲಿ ಚುಕ್ಕೆಗಳು ಸಾಲುತ್ತಿರಲಿಲ್ಲ. ಥಾಯ್ ಲಿಪಿಯಲ್ಲಿ ಬರೆಯಬೇಕಿದ್ದ ವಾನ್ ಸುವನ್ನುಕುಲ್ ಎಂಬ ಸಂಶೋಧನ ವಿದ್ಯಾರ್ಥಿ ಎರಡರಿಂದಲೂ ಪ್ರಯೋಜನವಿಲ್ಲವೆಂದು ಕಂಡು ತಾನೇ ಒಂದು ಕಾರ್ಡ್ ರೂಪಿಸಿದ. 1982ರ ಆ ಹರ್ಕ್ಯುಲಿಸ್ ಕಾರ್ಡ್ 720 ಅಡ್ಡ ಚುಕ್ಕೆ, 348 ಸಾಲುಗಳ ಚಿತ್ರವನ್ನು ಅದೇ ಬರಹದ ಮಾನಿಟರಿನ ಮೇಲೆ ತೋರಿಸಿತು ಮತ್ತು ಜಗತ್ತಿನಾದ್ಯಂತ ಮಾರಾಟವಾಯಿತು. ಕೊಂಬು, ಒತ್ತು, ದೀರ್ಘಗಳ ಭಾರತೀಯ ಲಿಪಿಗಳಿಗೂ ಇದೇ ಕಷ್ಟವಿತ್ತು. ಕಾನ್ಪುರದ ಐಐಟಿಯಲ್ಲಿ ಮೊಳೆತು, ಪುಣೆಯ ಸಿ-ಡ್ಯಾಕ್ ಸಂಸ್ಥೆ ಬೆಳೆಸಿದ ಜಿಸ್ಟ್ ಕಾರ್ಡನ್ನು ಒಳಗೆ ಸಿಕ್ಕಿಸಿದ ಮೇಲೆಯೇ ಅಂದಿನ ಅನೇಕ ಪಿಸಿಗಳಲ್ಲಿ ಕನ್ನಡ ಮೂಡಿದ್ದು. ಪರದೆಯ ಮೇಲೆ ಏನು ಕಾಣಬಹುದು ಎಂಬುದನ್ನು ನಿರ್ಧರಿಸುವುದು ಪರದೆಗಿಂತ ಹೆಚ್ಚಾಗಿ ಅದರ ಹಿಂದಿನ ಕಾರ್ಡು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

1987ರಲ್ಲಿ ಐಬಿಎಂ ವಿಜಿಎ ಪದ್ಧತಿಯನ್ನು ತಂದಿತು. 15 ಪಿನ್ನುಗಳ ಅದರ ಕೇಬಲ್ ಹಳೆಯ ಪ್ರೊಜೆಕ್ಟರುಗಳಲ್ಲಿ ಇಂದಿಗೂ ಕಾಣಸಿಗುತ್ತದೆ. 640 ಅಡ್ಡ, 480 ಸಾಲಿನ ಅದರ ಚಿತ್ರಕ್ಕೆ, ಕಾಣದ ಗೆರೆಗಳನ್ನೂ ಸೇರಿಸಿದರೆ ಒಟ್ಟು 525 ಗೆರೆಗಳು. ವೇಗ ಸೆಕೆಂಡಿಗೆ 59.94 ಬಾರಿ. ಎರಡೂ ಅಮೆರಿಕದ ಟಿವಿಯ ಅಂಕೆಗಳೇ! ಟಿವಿಯಿಂದ ಬೇರೆಯಾಗಿ ಮನೆ ಮಾಡಿದ ಮೇಲೂ ಕಂಪ್ಯೂಟರು ಹಿರಿಯರ ಲೆಕ್ಕವನ್ನು ಬಿಟ್ಟಿರಲಿಲ್ಲ.

ಪರದೆಗೊಂದು ಗುರುತಿನ ಚೀಟಿ

ಬೇರೆ ಬೇರೆ ಕಂಪನಿಗಳು ವಿಜಿಎಗಿಂತ ದೊಡ್ಡ ಅಳತೆಗಳನ್ನು ತಮಗೆ ತೋಚಿದಂತೆ ತರತೊಡಗಿದಾಗ ಗೊಂದಲ ಹೆಚ್ಚಿತು. 1989ರಲ್ಲಿ ಎನ್‌ಇಸಿ ಕಂಪನಿಯ ಮುಂದಾಳತ್ವದಲ್ಲಿ ವೆಸಾ ಎಂಬ ಒಕ್ಕೂಟ ಹುಟ್ಟಿಕೊಂಡು 800 ಅಡ್ಡ, 600 ಸಾಲಿನ ಅಳತೆಯನ್ನು ಎಲ್ಲರಿಗೂ ಒಂದೇ ಎಂದು ಮಾಡಿತು. ಆದರೆ ತನಗೆ ಯಾವ ಮಾನಿಟರು ಜೋಡಣೆಯಾಗಿದೆ ಎಂದು ತಿಳಿಯುವ ಸರಿಯಾದ ದಾರಿ ಕಂಪ್ಯೂಟರಿಗೆ ಆಗಲೂ ಇರಲಿಲ್ಲ. ಬಳಕೆದಾರನೇ ಹೇಳಬೇಕಿತ್ತು. ಲೈನಕ್ಸ್ ಬಳಸುವವರಂತೂ ಮಾನಿಟರಿನ ಕೈಪಿಡಿ ಹುಡುಕಿ, ಗೆರೆಗಳ ಲೆಕ್ಕವನ್ನು ಸಾಲುಸಾಲಾಗಿ ಕೈಯಾರೆ ಬರೆಯಬೇಕಿತ್ತು; ತಪ್ಪು ಬರೆದರೆ ಮಾನಿಟರಿಗೆ ಹಾನಿಯಾದೀತೆಂಬ ಎಚ್ಚರಿಕೆಯೂ ಅದರ ಜೊತೆಗಿರುತ್ತಿತ್ತು.

1994ರಲ್ಲಿ ವೆಸಾ ಇದಕ್ಕೊಂದು ಪರಿಹಾರ ಕೊಟ್ಟಿತು. ಪ್ರತಿಯೊಂದು ಮಾನಿಟರಿನೊಳಗೂ 128 ಬೈಟಿನ ಒಂದು ಚಿಕ್ಕ ದಾಖಲೆ ಇರಲಿ, ಕಂಪ್ಯೂಟರು ಕೇಬಲಿನ ಒಂದೆರಡು ತಂತಿಗಳ ಮೂಲಕ ಅದನ್ನು ಓದಿಕೊಳ್ಳಲಿ ಎಂಬುದೇ ಆ ವ್ಯವಸ್ಥೆ. ಅದರ ಹೆಸರು ಇಡಿಐಡಿ. ತಯಾರಕನ ಮೂರಕ್ಷರದ ಸಂಕೇತ, ಮಾದರಿಯ ಸಂಖ್ಯೆ, ತಯಾರಾದ ವರ್ಷ, ಪರದೆಯ ಉದ್ದಗಲ, ತಾಳಿಕೊಳ್ಳಬಲ್ಲ ಅಳತೆ ಮತ್ತು ವೇಗಗಳು ಇವೆಲ್ಲ ಅದರಲ್ಲಿರುತ್ತವೆ. ಒಂದು ರೀತಿಯಲ್ಲಿ ಪರದೆಯ ಗುರುತಿನ ಚೀಟಿ. ಮರುವರ್ಷ ವಿಂಡೋಸ್ 95 ಬಂದಾಗ ‘ಸಿಕ್ಕಿಸಿದರೆ ಸಾಕು, ನಡೆಯುತ್ತದೆ’ ಎಂಬ ಭರವಸೆಯ ಹಿಂದೆ ಇಂಥ ಏರ್ಪಾಡುಗಳಿದ್ದವು.

ಈ ಚೀಟಿ ಕಂಪ್ಯೂಟರಿಗೆ ತಲುಪದಿದ್ದರೆ? ಕೇಬಲಿನ ಒಂದು ಪಿನ್ ಮುರಿದಿದ್ದರೆ, ಅಗ್ಗದ ಕೇಬಲಿನಲ್ಲಿ ಆ ತಂತಿಯೇ ಇಲ್ಲದಿದ್ದರೆ, ನಡುವಿನ ಪರಿವರ್ತಕ ಅದನ್ನು ತಡೆದರೆ ಡ್ರೈವರ್ ಕತ್ತಲಲ್ಲಿ ಉಳಿಯುತ್ತದೆ. ಯಾವುದಕ್ಕೂ ಇರಲಿ ಎಂದು ಸಣ್ಣ ಅಳತೆಯೊಂದನ್ನು ಕಳಿಸುತ್ತದೆ. ದೊಡ್ಡ ಪರದೆಯಲ್ಲಿ ದಪ್ಪ ದಪ್ಪ ಅಕ್ಷರ ಮೂಡಿ, ಆಯ್ಕೆಯ ಪಟ್ಟಿಯಲ್ಲಿ ಪರದೆಯ ನಿಜವಾದ ಅಳತೆಯೇ ಕಾಣಿಸದಿದ್ದರೆ ಅನುಮಾನ ಪಡಬೇಕಾದದ್ದು ಇಲ್ಲಿ. ಈ ಒಂದು ಪ್ರಸಂಗದಲ್ಲಿ ಕೇಬಲ್ ಬದಲಿಸುವುದು ಸರಿಯಾದ ಮದ್ದು.

ಒಂದೇ ತಂತಿ, ಎರಡು ಸಂಪ್ರದಾಯ

ಹೀಗೆ ಬೇರೆಬೇರೆಯಾಗಿ ಬೆಳೆದ ಟಿವಿ ಮತ್ತು ಕಂಪ್ಯೂಟರುಗಳನ್ನು ಮತ್ತೆ ಒಂದುಗೂಡಿಸಿದ್ದು ಎಚ್‌ಡಿಎಂಐ. ಸೋನಿ, ಫಿಲಿಪ್ಸ್, ಹಿಟಾಚಿ, ತೋಶಿಬಾ ಮೊದಲಾದ ಕಂಪನಿಗಳು ಸೇರಿ 2002ರ ಡಿಸೆಂಬರಿನಲ್ಲಿ ಇದರ ಮೊದಲ ನಿಯಮಾವಳಿಯನ್ನು ಪ್ರಕಟಿಸಿದವು. ಮೂಲತಃ ಇದು ಟಿವಿಗಾಗಿ ಹುಟ್ಟಿದ ತಂತಿ. ಕಂಪ್ಯೂಟರುಗಳೂ ಅದನ್ನು ಒಪ್ಪಿಕೊಂಡದ್ದರಿಂದ ಎರಡು ಸಂಪ್ರದಾಯಗಳು ಒಂದೇ ತಂತಿಯಲ್ಲಿ ಮುಖಾಮುಖಿಯಾದವು.

ಅಷ್ಟು ಹೊತ್ತಿಗೆ ಗಾಜಿನ ಕೊಳವೆ ಹೋಗಿ ಚಪ್ಪಟೆ ಪರದೆ ಬರುತ್ತಿತ್ತು. ಚಪ್ಪಟೆ ಪರದೆಯಲ್ಲಿ ಚುಕ್ಕೆಗಳು ಲೆಕ್ಕ ಹಾಕಿ ಕೂಡಿಸಿದಂಥವು. ವೋಲ್ಟೇಜ್ ಇಳಿದರೆ ಅವು ಕುಗ್ಗುವುದಿಲ್ಲ. ಓವರ್‌ಸ್ಕ್ಯಾನ್ ಅಗತ್ಯವೇ ಇರಲಿಲ್ಲ. ಆದರೂ ಪ್ರಸಾರದ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ತೋರಿಸುವ ಹಳೆಯ ರೂಢಿಯನ್ನು ಟಿವಿ ತಯಾರಕರು ಕೈಬಿಡಲಿಲ್ಲ. ಕಂಪ್ಯೂಟರು 1920 ಅಡ್ಡ, 1080 ಸಾಲಿನ ಚಿತ್ರ ಕಳಿಸಿದರೆ ಟಿವಿ ಅದನ್ನೂ ಪ್ರಸಾರವೆಂದೇ ತಿಳಿದು ಹಿಗ್ಗಿಸುತ್ತದೆ. ಅಂಚು ಕತ್ತರಿಸುವುದು ಹೀಗೆ.

ಇತ್ತ ಡ್ರೈವರ್ ಬರೆದವರಿಗೂ ಟಿವಿಯ ಈ ಚಾಳಿ ಗೊತ್ತು. ಆದ್ದರಿಂದ ಕೆಲವು ಡ್ರೈವರುಗಳು ಚಿತ್ರವನ್ನು ಮೊದಲೇ ಕುಗ್ಗಿಸಿ ಕಳಿಸುವ ಏರ್ಪಾಡು ಮಾಡಿಕೊಂಡವು. ಎದುರಿಗಿರುವುದು ಹಿಗ್ಗಿಸುವ ಟಿವಿಯಲ್ಲದೆ ಸಾಧಾರಣ ಮಾನಿಟರಾಗಿದ್ದರೆ ಕುಗ್ಗಿದ ಚಿತ್ರ ಕುಗ್ಗಿದಂತೆಯೇ ಉಳಿದು ಸುತ್ತ ಕಪ್ಪು ಪಟ್ಟಿ ಬರುತ್ತದೆ. ಎಎಂಡಿ ಡ್ರೈವರುಗಳು ಎಚ್‌ಡಿಎಂಐ ಮೂಲಕ ಜೋಡಿಸಿದ ಮಾನಿಟರುಗಳಿಗೆ ಹೀಗೆ ಮಾಡುತ್ತಿದ್ದುದು ಬಹಳ ಜನರನ್ನು ಕಾಡಿದ ಸಂಗತಿ.

ಮೂರನೆಯ ಪ್ರಸಂಗ ಎಲ್ಲಕ್ಕಿಂತ ಮೋಸದ್ದು. ಡ್ರೈವರ್ ಕುಗ್ಗಿಸುತ್ತದೆ, ಟಿವಿ ಹಿಗ್ಗಿಸುತ್ತದೆ. ಅಳತೆ ಸರಿಯಾಗಿಯೇ ಕಾಣುತ್ತದೆ. ಆದರೆ ಎರಡು ಸಲ ಅಳತೆ ಬದಲಾದದ್ದರಿಂದ ಅಕ್ಷರಗಳು ಮಸುಕಾಗುತ್ತವೆ. ಕಣ್ಣಿಗೆ ಆಯಾಸವಾಗುತ್ತದೆಯೇ ಹೊರತು ಕಾರಣ ಗೊತ್ತಾಗುವುದಿಲ್ಲ.

ಬೂದಿಯಾದ ಕಪ್ಪು

ಬಣ್ಣದ ಸಮಸ್ಯೆಯ ಬೇರೂ ಇಲ್ಲಿಯೇ ಇದೆ. ಕಂಪ್ಯೂಟರಿಗೆ ಕಪ್ಪೆಂದರೆ 0, ಬಿಳಿಯೆಂದರೆ 255. ಆದರೆ ಡಿಜಿಟಲ್ ವಿಡಿಯೋಗಾಗಿ 1982ರಲ್ಲಿ ಅಂತಾರಾಷ್ಟ್ರೀಯವಾಗಿ ಒಪ್ಪಿಕೊಂಡ ನಿಯಮದಲ್ಲಿ ಕಪ್ಪಿಗೆ 16, ಬಿಳಿಗೆ 235 ಎಂದಿದೆ. ಸಂಕೇತ ಸ್ವಲ್ಪ ಏರುಪೇರಾದರೂ ಹಾನಿಯಾಗದಿರಲೆಂದು ಎರಡೂ ಕಡೆ ಬಿಟ್ಟ ಜಾಗ ಅದು. ಡ್ರೈವರ್ ಟಿವಿಯ ಲೆಕ್ಕದಲ್ಲಿ ಕಳಿಸಿ, ಮಾನಿಟರು ಕಂಪ್ಯೂಟರಿನ ಲೆಕ್ಕದಲ್ಲಿ ಓದಿದರೆ ಕಪ್ಪು ಬೂದಿಯಾಗುತ್ತದೆ, ಬಿಳಿ ಮಂಕಾಗುತ್ತದೆ. ತಿರುಗುಮುರುಗಾದರೆ ನೆರಳಿನೊಳಗಿನ ವಿವರಗಳೆಲ್ಲ ಕಪ್ಪಿನಲ್ಲಿ ಮುಳುಗುತ್ತವೆ. ಒಂದು ಸೇರಿನಲ್ಲಿ ಅಳೆದು ಕೊಟ್ಟದ್ದನ್ನು ಇನ್ನೊಂದು ಸೇರಿನಲ್ಲಿ ಅಳೆದುಕೊಂಡಂತೆ.

ಮದ್ದು ಎಲ್ಲಿದೆ?

ಕಾರಣ ತಿಳಿದ ಮೇಲೆ ಪರಿಹಾರ ಕಷ್ಟವಲ್ಲ. ಕ್ರಮ ತಪ್ಪದಿದ್ದರೆ ಸಾಕು.

ಮೊದಲು ಟಿವಿಯಿಂದ ಆರಂಭಿಸಬೇಕು. ಹಿಗ್ಗಿಸುವ ರೂಢಿ ಅದರದ್ದು. ಅದನ್ನು ಅಲ್ಲಿಯೇ ನಿಲ್ಲಿಸುವುದು ಒಳ್ಳೆಯದು. ಚಿತ್ರದ ಅಳತೆಯ ಪಟ್ಟಿಯಲ್ಲಿ ಎಲ್‌ಜಿಯವರು ‘ಜಸ್ಟ್ ಸ್ಕ್ಯಾನ್’, ಸ್ಯಾಮ್ಸಂಗಿನವರು ‘ಸ್ಕ್ರೀನ್ ಫಿಟ್’ ಎಂದು ಕರೆದದ್ದು ಈ ಆಯ್ಕೆಯನ್ನೇ. ಎರಡನೆಯದಾಗಿ, ಕಂಪ್ಯೂಟರಿನಲ್ಲಿ ಪರದೆಯ ಸ್ವಂತ ಅಳತೆಯನ್ನೇ ಆರಿಸಬೇಕು. 1920 ಅಡ್ಡ, 1080 ಸಾಲಿನ ಪರದೆಗೆ ಅದಕ್ಕಿಂತ ಸಣ್ಣದನ್ನು ಕಳಿಸಿದರೆ ಅಕ್ಷರ ಮಸುಕಾಗುವುದು ಖಂಡಿತ.

ಮೂರನೆಯದಾಗಿ ಡ್ರೈವರ್. ಎನ್‌ವಿಡಿಯಾದ ಕಂಟ್ರೋಲ್ ಪ್ಯಾನೆಲಿನಲ್ಲಿ ‘ಅಡ್ಜಸ್ಟ್ ಡೆಸ್ಕ್‌ಟಾಪ್ ಸೈಜ್ ಅಂಡ್ ಪೊಸಿಷನ್’, ಎಎಂಡಿಯಲ್ಲಿ ‘ಎಚ್‌ಡಿಎಂಐ ಸ್ಕೇಲಿಂಗ್’, ಇಂಟೆಲ್‌ನಲ್ಲಿ ‘ಸ್ಕೇಲ್’ ಎಂಬ ಆಯ್ಕೆಗಳನ್ನು ಹುಡುಕಬೇಕು. ಆವೃತ್ತಿ ಬದಲಾದಂತೆ ಹೆಸರು ಬದಲಾಗುವುದುಂಟು, ಕೆಲಸ ಅದೇ. ಎಎಂಡಿಯಲ್ಲಿ ಕುಗ್ಗಿಸುವ ಪಟ್ಟಿಯನ್ನು ಶೂನ್ಯಕ್ಕೆ ಎಳೆದರೆ ಕಪ್ಪು ಅಂಚು ತಕ್ಷಣ ಮಾಯವಾಗುತ್ತದೆ. ಅಂಚು ಕತ್ತರಿಸುವ ಟಿವಿಯಲ್ಲಿ ಅದನ್ನು ನಿಲ್ಲಿಸುವ ಆಯ್ಕೆಯೇ ಇಲ್ಲದಿದ್ದರೆ ಮಾತ್ರ ಡ್ರೈವರಿನಲ್ಲಿ ಕುಗ್ಗಿಸಬೇಕು. ಅದು ಕೊನೆಯ ಉಪಾಯ, ಮೊದಲನೆಯದಲ್ಲ.

ಬಣ್ಣ ಮಂಕಾಗಿದ್ದರೆ ಎನ್‌ವಿಡಿಯಾದ ‘ಔಟ್‌ಪುಟ್ ಡೈನಾಮಿಕ್ ರೇಂಜ್’, ಎಎಂಡಿಯ ‘ಪಿಕ್ಸೆಲ್ ಫಾರ್ಮ್ಯಾಟ್’, ಇಂಟೆಲ್‌ನ ‘ಕ್ವಾಂಟೈಸೇಶನ್ ರೇಂಜ್’ ನೋಡಬೇಕು. ಮಾನಿಟರಿಗೆ ‘ಫುಲ್’ ಇರಬೇಕು. ಟಿವಿಯಾದರೆ ಅದು ಯಾವ ಲೆಕ್ಕದಲ್ಲಿ ಓದುತ್ತಿದೆಯೋ ಅದೇ ಲೆಕ್ಕ ಇಲ್ಲಿಯೂ ಇರಬೇಕು.

ಇಷ್ಟಾದರೂ ಗುಣವಾಗದಿದ್ದರೆ ಡ್ರೈವರನ್ನು ಗ್ರಾಫಿಕ್ಸ್ ಚಿಪ್ ತಯಾರಕರಿಂದ ಅಥವಾ ಲ್ಯಾಪ್‌ಟಾಪ್ ಕಂಪನಿಯಿಂದ ಪಡೆದು ಹೊಸದಾಗಿ ಹಾಕಬೇಕು. ಬೇರೊಂದು ಕಂಪ್ಯೂಟರಿಗೆ ಅದೇ ಪರದೆಯನ್ನು ಜೋಡಿಸಿ ನೋಡಬೇಕು. ಅಲ್ಲಿಯೂ ಅದೇ ಜಾಗದಲ್ಲಿ ಗೆರೆ, ಅದೇ ಜಾಗದಲ್ಲಿ ಕಲೆ ಕಂಡರೆ ಆಗ ಪರದೆ ನಿಜವಾಗಿಯೂ ಕೆಟ್ಟಿದೆ. ಇನ್ನೊಂದು ಸುಲಭ ಪರೀಕ್ಷೆಯೂ ಉಂಟು. ಮಾನಿಟರಿನ ಸ್ವಂತ ಗುಂಡಿ ಒತ್ತಿದಾಗ ಬರುವ ಅದರದೇ ಮೆನು ಸ್ವಚ್ಛವಾಗಿ, ಸರಿಯಾದ ಜಾಗದಲ್ಲಿ ಕಂಡರೆ ಪರದೆ ಬಹುತೇಕ ಸರಿಯಾಗಿದೆಯೆಂದೇ ಅರ್ಥ. ಆ ಮೆನು ಕಂಪ್ಯೂಟರಿನಿಂದ ಬರುವುದಲ್ಲ.

ಇದು ಬರೇ ಹವ್ಯಾಸಿಗಳ ವಿಷಯವೆಂದು ತಳ್ಳಿಹಾಕುವಂತಿಲ್ಲ. ತರಗತಿಯ ದೊಡ್ಡ ಪರದೆಯಲ್ಲಿ ಲೆಕ್ಕದ ಕೊನೆಯ ಸಾಲು ಅಂಚಿನಾಚೆ ಹೋದರೆ ಹಿಂದಿನ ಬೆಂಚಿನ ಹುಡುಗನಿಗೆ ಅದು ಇಲ್ಲವೇ ಇಲ್ಲ. ಕಚೇರಿಯಲ್ಲಿ ಮಸುಕು ಅಕ್ಷರದ ಮುಂದೆ ಎಂಟು ಗಂಟೆ ಕುಳಿತವರು ದೂರುವುದು ತಮ್ಮ ಕನ್ನಡಕವನ್ನು. ಇನ್ನೂ ಹತ್ತು ವರ್ಷ ಬಾಳಬಹುದಾದ ಪರದೆ ಗುಜರಿಗೆ ಹೋಗುತ್ತದೆ. ಒಂದು ಕುಟುಂಬದ ಕೆಲವು ಸಾವಿರ ರೂಪಾಯಿ ಅದರ ಜೊತೆಗೆ ಹೋಗುತ್ತದೆ. ದುಂಡು ಕೊಳವೆಗಳ ಕಾಲದಲ್ಲಿ ಮಾಡಿಕೊಂಡ ಒಂದು ಹೊಂದಾಣಿಕೆಗೆ ಈಗಲೂ ದಂಡ ತೆರುತ್ತಿರುವವರು, ಅಂಥ ಕೊಳವೆಯನ್ನು ಕಣ್ಣಾರೆ ನೋಡದ ತಲೆಮಾರಿನವರು. ಹೊಸ ಪರದೆಗೆ ಹಣ ಎಣಿಸುವ ಮೊದಲು ಹಳೆಯ ಪರದೆಯ ಮೆನುವಿನ ಗುಂಡಿಯನ್ನು ಒಮ್ಮೆ ಒತ್ತಿ ನೋಡುವುದು ಒಳ್ಳೆಯದು.